ಪ್ಲೇನಾರ್ ಹೆಡ್‌ಫೋನ್: ಮೊದಲು ಕತ್ತನ್ನು ಕೇಳಿ, ಆಮೇಲೆ ಕಿವಿಯನ್ನು

ಲಕ್ಷ ರೂಪಾಯಿ ದಾಟಿದ ಹೆಡ್‌ಫೋನ್ ಅನ್ನು ಅಂಗಡಿಯಲ್ಲಿ ಐದು ನಿಮಿಷ ಕೇಳಿ ಕೊಂಡುಬಿಡುವವರಿದ್ದಾರೆ. ಐದು ನಿಮಿಷದಲ್ಲಿ ಎಲ್ಲವೂ ಚೆನ್ನಾಗೇ ಕೇಳಿಸುತ್ತವೆ. ಪ್ಲೇನಾರ್ ಮ್ಯಾಗ್ನೆಟಿಕ್ ಜಾತಿಯ ಹೆಡ್‌ಫೋನ್‌ಗಳನ್ನು ಹೋಲಿಸುವಾಗಲಂತೂ ಸದ್ದಿಗಿಂತ ಮೊದಲು ಆರಾಮ ನೋಡಬೇಕು. ಸದ್ದು ಸ್ವಲ್ಪ ಹಿಡಿಸದಿದ್ದರೆ ಇಕ್ವಲೈಸರ್‌ನಲ್ಲಿ ತಿದ್ದಿಕೊಳ್ಳಬಹುದು. ತೂಕ ಇಳಿಸುವ ಆ್ಯಪ್ ಯಾವುದೂ ಇಲ್ಲ.

ಇವು ಯಾಕೆ ಇಷ್ಟು ಭಾರ?

ಮಾಮೂಲಿ ಹೆಡ್‌ಫೋನ್‌ನಲ್ಲಿ ಇರುವುದು ಪುಟ್ಟ ಸ್ಪೀಕರ್. ಪೊರೆಯ ಹಿಂದೆ ತಂತಿ ಸುರುಳಿ, ಅದಕ್ಕೊಂದು ಅಯಸ್ಕಾಂತ. ಪ್ಲೇನಾರ್‌ನಲ್ಲಿ ತುಂಬ ತೆಳುವಾದ ಚಪ್ಪಟೆ ಹಾಳೆಯ ಮೇಲೇ ಲೋಹದ ಗೆರೆಗಳಿರುತ್ತವೆ. ಕರೆಂಟ್ ಹರಿದಾಗ ಹೆಚ್ಚುಕಮ್ಮಿ ಇಡೀ ಹಾಳೆ ಒಟ್ಟಿಗೇ ಅಲುಗುತ್ತದೆ. ಹಾಗಾಗಬೇಕಾದರೆ ಹಾಳೆಯ ಅಗಲಕ್ಕೂ ಅಯಸ್ಕಾಂತದ ಪಟ್ಟಿಗಳನ್ನು ಜೋಡಿಸಬೇಕು, ಹಲವು ಮಾದರಿಗಳಲ್ಲಿ ಎರಡೂ ಬದಿಗೆ. ಭಾರ ಬರುವುದು ಅಲ್ಲಿಂದ. ಇದೇನೂ ಹೊಸ ಉಪಾಯ ಅಲ್ಲ, ಯಮಾಹಾ ಕಂಪನಿ 1976ರಲ್ಲೇ ಎಚ್‌ಪಿ-1 ಎಂಬ ಮಾದರಿಯಲ್ಲಿ ಇದನ್ನು ಮಾಡಿತ್ತು.

ಇವತ್ತಿನ ಹೆಸರುಗಳನ್ನು ನೋಡಿ. ಅಮೆರಿಕದ ಆಡೀಸಿ ಎಲ್‌ಸಿಡಿ-ಎಕ್ಸ್ 612 ಗ್ರಾಂ. ಚೀನಾದ ಹೈಫೈಮ್ಯಾನ್ ಸುಸ್ವಾರಾ 450 ಗ್ರಾಂ. ರೊಮೇನಿಯಾದ ಮೆಜೆ ಎಂಪೈರಿಯನ್ 430, ಅಮೆರಿಕದ್ದೇ ಆದ ಡಾನ್ ಕ್ಲಾರ್ಕ್ ಸ್ಟೆಲ್ತ್ 415. ಅಂದಹಾಗೆ ತೂಕಕ್ಕೂ ಬೆಲೆಗೂ ಸಂಬಂಧ ಇಲ್ಲ. ಇವುಗಳಲ್ಲಿ ಅತಿ ಭಾರದ ಎಲ್‌ಸಿಡಿ-ಎಕ್ಸ್‌ಗೇ ಬೆಲೆ ಕಮ್ಮಿ.

ಹಂತ 1: ಹಾಡು ಹಾಕದೆ ಸುಮ್ನೆ ಹಾಕಿಕೊಂಡು ಕೂರಿ

ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ಓಲೆ, ಜುಮುಕಿ ತೆಗೆದಿಡಿ. ತುರುಬು ಕಟ್ಟುವವರು ದಿನಾ ಕಟ್ಟುವ ಹಾಗೇ ಕಟ್ಟಿಕೊಳ್ಳಿ, ತಲೆಪಟ್ಟಿ ಎಲ್ಲಿ ಕೂರುತ್ತದೆ ಅನ್ನುವುದು ಅದರಿಂದಲೇ ಬದಲಾಗುತ್ತದೆ. ಈಗ ಅರ್ಧ ಗಂಟೆಯಾದರೂ ಪುಸ್ತಕ ಓದಿ, ಮೊಬೈಲ್ ನೋಡಿ.

ಮೊದಲು ನೆತ್ತಿ ಗಮನಿಸಿ. ಒಂದೇ ಜಾಗದಲ್ಲಿ ಉರಿ ಶುರುವಾದರೆ ತೂಕ ಹಂಚಿಕೆಯಾಗಿಲ್ಲ ಎಂದರ್ಥ. ಎಂಪೈರಿಯನ್‌ನ ಅಗಲ ಪಟ್ಟಿ ಮೆಚ್ಚುಗೆ ಪಡೆದಿರುವುದು ಇದಕ್ಕೇ, ಅದು ನೆತ್ತಿಯ ಎರಡೂ ಪಕ್ಕಕ್ಕೆ ಹರಡಿಕೊಂಡು ಕೂರುತ್ತದೆ. ಆಮೇಲೆ ಕಿವಿಯ ಕೆಳಗೆ, ದವಡೆಯ ಹತ್ತಿರ ಬೆರಳಾಡಿಸಿ. ಕಿವಿ ಸುತ್ತಲಿನ ಮೆತ್ತೆ, ಅಂದರೆ ಪ್ಯಾಡ್, ಅಲ್ಲಿ ಎದ್ದಿದ್ದರೆ ಗಾಳಿ ಸೋರುತ್ತದೆ, ಕೆಳಸ್ವರ (ಬಾಸ್) ಸೊರಗುತ್ತದೆ. ಕನ್ನಡಕದ ಕಡ್ಡಿಯೂ ಇದನ್ನೇ ಮಾಡಬಹುದು. ಸ್ಟೆಲ್ತ್‌ನಂಥ ಹಿಂಬದಿ ಮುಚ್ಚಿದ ಮಾದರಿಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಈಗ ಪರವಾಗಿಲ್ಲ ಅನ್ನಿಸಬಹುದು, ಒಂದು ಗಂಟೆ ಕಳೆದ ಮೇಲೆ ಅನ್ನಿಸುವುದಿಲ್ಲ.

ಗ್ರಾಂ ಲೆಕ್ಕವನ್ನೇ ನೆಚ್ಚಿಕೊಳ್ಳಬೇಡಿ. ಆಡೀಸಿ ತನ್ನ ಎಲ್‌ಸಿಡಿ-5ರ ತೂಕವನ್ನು 420 ಗ್ರಾಂಗೆ ಇಳಿಸಿತು. ಆದರೆ ಅದರ ಹಿಡಿತ ಬಿಗಿ ಅನ್ನುವವರು ಬಹಳ ಜನ. ದೊಡ್ಡ ತಲೆಯವರಿಗೆ ಹಗುರವಾದ ಬಿಗಿಗಿಂತ ಭಾರವಾದ ಸಡಿಲವೇ ವಾಸಿ ಎನಿಸಬಹುದು. ಇನ್ನು ಸೆಖೆ. ಮಂಗಳೂರು, ಕಾರವಾರದ ಮೇ ತಿಂಗಳಲ್ಲಿ ಚರ್ಮದ ಪ್ಯಾಡ್ ಕಿವಿ ಸುತ್ತ ಬೆವರಿಳಿಸುತ್ತದೆ. ಬಟ್ಟೆಯಂಥ ಪ್ಯಾಡ್ ಸಿಗುವುದೇ ಕೇಳಿ. ಒಂದು ಎಚ್ಚರ, ಪ್ಯಾಡ್ ಬದಲಾದರೆ ಸದ್ದೂ ಬದಲಾಗುತ್ತದೆ. ಯಾವ ಪ್ಯಾಡ್ ಬಳಸುತ್ತೀರೋ ಅದರಲ್ಲೇ ಕೇಳಿ.

ಹಂತ 2: ಒಂದೇ ಆ್ಯಂಪ್, ಸಾಕಷ್ಟು ಶಕ್ತಿ

ಹೆಡ್‌ಫೋನ್‌ಗೆ ಶಕ್ತಿ ಕೊಡುವ ಪೆಟ್ಟಿಗೆಯೇ ಆ್ಯಂಪ್. ಎಲ್‌ಸಿಡಿ-ಎಕ್ಸ್‌ನ ಸಂವೇದನೆ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು, ಒಂದು ಮಿಲಿವ್ಯಾಟ್‌ಗೆ 103 ಡೆಸಿಬಲ್. ಸುಸ್ವಾರಾದ್ದು 83. ಇಪ್ಪತ್ತು ಡೆಸಿಬಲ್ ಅಂತರ ಅಂದರೆ 100 ಪಟ್ಟು ಶಕ್ತಿ. ಅಂದರೆ 100 ಡೆಸಿಬಲ್ ಮುಟ್ಟಲು ಮೊದಲನೆಯದಕ್ಕೆ ಅರ್ಧ ಮಿಲಿವ್ಯಾಟ್ ಸಾಕು, ಎರಡನೆಯದಕ್ಕೆ 50 ಬೇಕು. ಇವೆರಡನ್ನೂ ಫೋನ್‌ಗೆ ಚುಚ್ಚಿ ಹೋಲಿಸಿದರೆ ಸುಸ್ವಾರಾ ಸಪ್ಪೆ ಎನಿಸುವುದು ಖಂಡಿತ. ತಪ್ಪು ಹೆಡ್‌ಫೋನ್‌ದಲ್ಲ. ಶಕ್ತಿ ಜಾಸ್ತಿ ಬೇಡುವ ಹೆಡ್‌ಫೋನ್‌ಗೆ ಸಾಕಾಗುವ ಆ್ಯಂಪ್ ತಂದು, ಎರಡನ್ನೂ ಅದರಲ್ಲೇ ಕೇಳಿ. ಬಜೆಟ್ ಹಾಕುವಾಗ ಆ ಆ್ಯಂಪ್ ಬೆಲೆಯನ್ನೂ ಸೇರಿಸಿ.

ಹಂತ 3: ವಾಲ್ಯೂಮ್ ಸರಿಹೊಂದಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಒಂದೇ ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ.

ರಟ್ಟಿನಲ್ಲಿ ಸಿಡಿ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಬಿಲ್ಲೆ ಕತ್ತರಿಸಿ. ನಡುವೆ ಫೋನ್‌ನ ಮೈಕ್ ಕೂರುವಷ್ಟು ತೂತು ಮಾಡಿ. ಪ್ಯಾಡ್ ಮೇಲೆ ಅದನ್ನಿಟ್ಟು ಪಿಂಕ್ ನಾಯ್ಸ್ (ಜಲಪಾತದ ಮೊರೆತದಂಥ, ಒಂದೇ ಸಮನೆ ಬರುವ ಪರೀಕ್ಷೆಯ ಸದ್ದು) ಹಾಕಿ. ಸದ್ದು ಅಳೆಯುವ ಆ್ಯಪ್ ಏನು ತೋರಿಸುತ್ತದೆ ಬರೆದುಕೊಳ್ಳಿ. ಇನ್ನೊಂದು ಹೆಡ್‌ಫೋನ್‌ಗೂ ಹಾಗೇ ಮಾಡಿ, ಅದೇ ಅಂಕಿ ಬರುವವರೆಗೆ ವಾಲ್ಯೂಮ್ ತಿರುಗಿಸಿ. ಫೋನ್ ತೋರಿಸುವ ಡೆಸಿಬಲ್ ನಿಖರ ಅಲ್ಲ, ಆದರೆ ನಮಗೆ ಬೇಕಿರುವುದು ಅಂತರ ಮಾತ್ರ ಅಲ್ವಾ?

ಹದವಾದ ಮಟ್ಟದಲ್ಲೇ ಕೇಳಿ. ಒಳ್ಳೆಯ ಪ್ಲೇನಾರ್‌ಗಳು ಜೋರಾಗಿಟ್ಟರೂ ಕಿರುಚುವುದಿಲ್ಲ, ಹಾಗಾಗಿ ಎಷ್ಟು ಏರಿಸಿದ್ದೇವೆ ಅನ್ನುವುದೇ ಗೊತ್ತಾಗದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ವಾರಕ್ಕೆ 40 ಗಂಟೆ ಸುರಕ್ಷಿತ, 90 ಆದರೆ ಬರೀ 4 ಗಂಟೆ.

ಹಂತ 4: ಗೊತ್ತಿರುವುದನ್ನೇ ಕೇಳಿ

ಅಂಗಡಿಯವರು ಹಾಕುವ ಡೆಮೊ ಹಾಡುಗಳಲ್ಲಿ ಎಲ್ಲವೂ ಮಿಂಚುತ್ತವೆ. ನಿಮಗೆ ಬಾಯಿಪಾಠ ಆಗಿರುವ ಸಂಗೀತ ಒಯ್ಯಿರಿ. ಮೊದಲು ಬರೀ ಮನುಷ್ಯರ ದನಿ. ‘ಸ’, ‘ಶ’, ‘ಚ’ ಬಂದಾಗಲೆಲ್ಲ ಕಿವಿಗೆ ಚುಚ್ಚಿದರೆ ಮೇಲುಸ್ವರ (ಟ್ರೆಬಲ್) ಜಾಸ್ತಿಯಾಗಿದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಇದಕ್ಕೆ ಕಟ್ಟುನಿಟ್ಟಿನ ಪರೀಕ್ಷೆ. ಅಲ್ಲಿ ಟೇಪಿನ ಸುಯ್ ಸದ್ದು ಇದ್ದೇ ಇರುತ್ತದೆ. ಅದು ಗಾಯಕರಿಗಿಂತ ಮುಂದೆ ಬಂದು ನಿಂತರೆ ಆ ಹೆಡ್‌ಫೋನ್ ನಿಮ್ಮ ಸಂಗೀತಕ್ಕೆ ಆಗಿಬರುವುದಿಲ್ಲ, ಹೊಸ ರೆಕಾರ್ಡಿಂಗ್‌ಗಳಲ್ಲಿ ಎಷ್ಟೇ ಚೆನ್ನಾಗಿರಲಿ.

ಆಮೇಲೆ ತಂಬೂರಿ. ತಂತಿಯ ಕೆಳಗಿನ ದಾರದಿಂದ ಏಳುವ ಝೇಂಕಾರ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿಸಬೇಕು, ಮುಂದಿನ ಮೀಟಿನಲ್ಲಿ ಕಲಸಿಹೋಗಬಾರದು. ಮೃದಂಗದ ಎಡಬದಿಯ ಗುಮುಕಿ ಪ್ಲೇನಾರ್‌ಗಳ ತವರುಮನೆ. ಅವುಗಳ ಕೆಳಸ್ವರ ತುಂಬ ಆಳಕ್ಕಿಳಿಯುತ್ತದೆ, ಆದರೆ ಊದಿಕೊಂಡಿರುವುದಿಲ್ಲ. ಸಿನಿಮಾ ಹಾಡಿನ ಧಡಧಡ ಕೇಳಿ ರೂಢಿಯಾದವರಿಗೆ ಮೊದಮೊದಲು ಕಮ್ಮಿ ಎನಿಸಬಹುದು. ಇಕ್ವಲೈಸರ್‌ನಲ್ಲಿ ಕೆಳಸ್ವರವನ್ನು ನಾಲ್ಕೈದು ಡೆಸಿಬಲ್ ಏರಿಸಿ ನೋಡಿ, ಒಳ್ಳೆಯ ಪ್ಲೇನಾರ್ ಒಡಕಿಲ್ಲದೆ ತಡೆದುಕೊಳ್ಳುತ್ತದೆ. ಕೊನೆಗೆ ವಾದ್ಯವೃಂದ ಕೇಳಿ, ಯಾರು ಎಲ್ಲಿ ಕೂತಿದ್ದಾರೆ ಎಂದು ಗುರುತಿಸಿ.

ಒಂದೊಂದು ತುಣುಕೂ ಅರ್ಧ ನಿಮಿಷ ಸಾಕು, ಕಿವಿಯ ನೆನಪು ಬಲು ಗಿಡ್ಡ. ತಕ್ಷಣ ಬದಲಿಸಿ ಕೇಳಿ. ಮರುದಿನ ಅನುಕ್ರಮ ತಿರುಗಿಸಿ, ಯಾಕೆಂದರೆ ಮೊದಲು ಕೇಳಿದ್ದೇ ಅಳತೆಗೋಲಾಗಿ, ಎರಡನೆಯದು ಸುಮ್ಮಸುಮ್ಮನೆ ವಿಚಿತ್ರ ಎನಿಸುತ್ತದೆ.

ದುಡ್ಡು ಕೊಡುವ ಮುನ್ನ

ಕಪ್ ಅನ್ನು ಕಿವಿಗೆ ಒತ್ತಿದಾಗ ‘ಚರಕ್’ ಎಂದರೆ ಗಾಬರಿಯಾಗಬೇಡಿ. ಗಾಳಿಯ ಒತ್ತಡಕ್ಕೆ ತೆಳು ಹಾಳೆ ಮಡಿಚುವ ಸದ್ದು ಅದು. ಹಾಡಿನ ನಡುವೆ ಬಂದರೆ ಮಾತ್ರ ಬೇರೆಯದನ್ನು ಕೊಡಿ ಎನ್ನಿ. ಈ ದರ್ಜೆಯವು ಹೆಚ್ಚಾಗಿ ಹಿಂಬದಿ ತೆರೆದವು. ಪಕ್ಕದಲ್ಲಿ ಮಲಗಿದವರಿಗೂ ನಿಮ್ಮ ಸಂಗೀತ ಕಛೇರಿ ಕೇಳಿಸುತ್ತದೆ, ಮನೆಯವರನ್ನು ಒಮ್ಮೆ ಕೇಳಿ. ವಾರಂಟಿ ಭಾರತದಲ್ಲಿ ನಡೆಯುತ್ತದೋ, ಹಿಡಿಸದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೋ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹಾಗೇ ಬದಲಿ ಪ್ಯಾಡ್ ಬೆಲೆ ವಿಚಾರಿಸಿ, ನಮ್ಮ ಬೆವರಿಗೆ ಮೊದಲು ಹಾಳಾಗುವುದು ಅದೇ.