ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ, ಸಮಯದ ಲೆಕ್ಕ ನಾನು ಮಾಡಿದ್ದು ಹೀಗೆ

ನಾನು ಚಿಕ್ಕಬಳ್ಳಾಪುರದಲ್ಲಿ ಗಣಿತದ ಮೇಷ್ಟ್ರು. ದೇವನಹಳ್ಳಿಯ ಏರ್‌ಪೋರ್ಟ್ ನಮಗೆ ಹತ್ತಿರ. ಮಕ್ಕಳು ಅಮೆರಿಕದಲ್ಲಿರುವ ಮನೆಗಳೂ ಈಗ ಊರಲ್ಲಿ ಜಾಸ್ತಿ. ಅಕ್ಕ ತನ್ನ ಮಗನನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಾಗ, ಕೂತು ಪೂರ್ತಿ ಲೆಕ್ಕ ಹಾಕಿದೆ.

ಮೊದಲು ದೂರ. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟರೆ ಉತ್ತರ ತಪ್ಪುತ್ತದೆ, ಭೂಮಿ ದುಂಡಗಿದೆ ಅಲ್ವಾ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಎಳೆದೆ. ಅದು ಹೆಚ್ಚುಕಡಿಮೆ ಉತ್ತರಕ್ಕೇ ಏರಿತು! ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯಿತು. ಆಮೇಲೆ ಕ್ಯಾಲ್ಕುಲೇಟರ್. ಎರಡು ಅಕ್ಷಾಂಶಗಳ ಸೈನ್ ಗುಣಿಸಿ. ಅವುಗಳ ಕೊಸೈನ್‌ಗಳನ್ನು ರೇಖಾಂಶ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ. ಎರಡನ್ನೂ ಕೂಡಿಸಿ, ಅದು ಯಾವ ಕೋನದ ಕೊಸೈನ್ ಎಂದು ನೋಡಿ. ನನಗೆ ಸುಮಾರು 126 ಡಿಗ್ರಿ ಬಂತು. ಡಿಗ್ರಿಗೆ 111 ಕಿ.ಮೀ. ಅಂದರೆ ಹತ್ತಿರ ಹತ್ತಿರ 14,000 ಕಿ.ಮೀ.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ. ಆದರೆ ವಿಮಾನ ದಾರದ ಹಾದಿಯಲ್ಲಿ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ತಕ್ಷಣ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಅದಕ್ಕೇ ಆ ಕಡೆ ಹೋಗುವುದು ಕಡಿಮೆ. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹಾರಿದರೆ ದೂರ ಜಾಸ್ತಿ, ಆದರೆ ಪಶ್ಚಿಮದಿಂದ ಬೀಸುವ ಮೇಲಿನ ಗಾಳಿ ಹಿಂದಿನಿಂದ ದೂಡುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ವಿಮಾನ ತಂದರು. ಸುಮಾರು 16,000 ಕಿ.ಮೀ., ಹತ್ತಿರ ಹತ್ತಿರ 17 ಗಂಟೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜನರಿಗೆ ನಿಜವಾಗಿ ಗೊಂದಲವಾಗುವುದು ಗಡಿಯಾರದಲ್ಲಿ. ಮಧ್ಯಾಹ್ನ 2ಕ್ಕೆ ಹೊರಡುವ ನೇರ ವಿಮಾನ ಅದೇ ದಿನ ಸಂಜೆ 4:30ಕ್ಕೆ ಇಳಿಯುತ್ತದೆ ಅಂತಿಟ್ಟುಕೊಳ್ಳಿ. "ಎರಡೂವರೆ ಗಂಟೇಲಿ ಅಮೆರಿಕನೇನೋ?" ಎಂದಳು ಅಕ್ಕ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಕ್ಕಿಡುತ್ತಾರೆ, ಆಗ ಹನ್ನೆರಡೂವರೆ. ಇಳಿಯುವ ಹೊತ್ತನ್ನು ಮೊದಲು ನಮ್ಮ ಸಮಯಕ್ಕೆ ತನ್ನಿ: ಚಳಿಗಾಲವಾದರೆ ಮರುದಿನ ಬೆಳಿಗ್ಗೆ 6. ಈಗ ಕಳೆಯಿರಿ. 16 ಗಂಟೆ.

ವಾಪಸ್ ಬರುವಾಗ ತಾರೀಖು ನೋಡಿಕೊಳ್ಳಬೇಕು. ಚಳಿಗಾಲದಲ್ಲಿ ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದರೆ, ಇಲ್ಲಿ ಬುಧವಾರ ಬೆಳಗಿನ ಜಾವ 4. ಕರೆತರಲು ಕಾರು ಹೇಳುವವರು ಬುಧವಾರಕ್ಕೇ ಹೇಳಿ, ಮಂಗಳವಾರಕ್ಕಲ್ಲ.