ಆಸ್ಪತ್ರೆ ಮೇಲಿನ ಕೇಸು ನಿಂತದ್ದು ಒಂದೇ ಒಂದು ಸಾಲಿನ ಮೇಲೆ

"ಈಗ ನಿದ್ದೆ ಚೆನ್ನಾಗಿ ಬರ್ತಿದ್ಯಾ ಸಾರ್?" ಅಂತ ಆಫೀಸಲ್ಲಿ ಪಕ್ಕದ ಸೀಟಿನ ಹುಡುಗ ಕೇಳಿದ. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದ. ನಾನು ಅಡ್ಮಿಟ್ ಆಗಿದ್ದು ಹೊಟ್ಟೆನೋವಿಗೆ. ಖಿನ್ನತೆಗೆ ಮಾತ್ರೆ ತಗೋತೀನಿ ಅನ್ನೋದು ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪುಟದಲ್ಲಿ ಮಾತ್ರ ಇತ್ತು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನವರು ಅದನ್ನು ವಿಮೆಯವರಿಗೆ ಕಳಿಸುವಾಗ ನಮ್ಮ ಎಚ್‌ಆರ್‌ಗೂ ಸಿಸಿ ಹಾಕಿದ್ದರು.

ಮೊದಲು ಠಾಣೆಗೆ ಹೋದೆ. ಸಿವಿಲ್ ಮ್ಯಾಟರ್ ಅಂದರು, ವಾಪಸ್ ಬಂದೆ. ಆಮೇಲೆ ವೈದ್ಯಕೀಯ ಪರಿಷತ್ತು. ಎಂಟೋ ಒಂಬತ್ತೋ ತಿಂಗಳು ಅಲ್ಲೇ ಹೋಯ್ತು. ಅವರ ಕೈ ನಡೆಯೋದು ನೋಂದಾಯಿತ ಡಾಕ್ಟರ್ ಮೇಲೆ ಮಾತ್ರ. ಮೇಲ್ ಕಳಿಸಿದ್ದು ಗುಮಾಸ್ತ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಲಾಯರ್ ನೋಟಿಸಿಗೆ ಐದು ಸಾವಿರ ಕೊಟ್ಟೆ. ಉತ್ತರವೇ ಬರಲಿಲ್ಲ.

2023ರ ಡೇಟಾ ಕಾಯ್ದೆಯಲ್ಲಿ (ನಮ್ಮ ಖಾಸಗಿ ಡಿಜಿಟಲ್ ಮಾಹಿತಿ ಕಾಪಾಡೋ ಕಾನೂನು) ಹೋಗು ಅಂತ ಎಲ್ಲರೂ ಹೇಳಿದರು. ದಂಡ 250 ಕೋಟಿವರೆಗೂ ಇದೆ, ನಿಜ. ಆದರೆ ಅದು ಸರ್ಕಾರದ ಖಜಾನೆಗೆ ಹೋಗುತ್ತೆ, ನಮಗೆ ನಯಾಪೈಸೆ ಇಲ್ಲ. ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂದಾಗ ನಕ್ಕವರೇ ಜಾಸ್ತಿ. ಅದು ಫ್ರಿಜ್ ಕೆಟ್ಟರೆ ಹೋಗೋ ಜಾಗ ಅಂತೆ!

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ಕಲಂ 2(47) ಓದಿ. ಗ್ರಾಹಕ ನಂಬಿ ಕೊಟ್ಟ ಖಾಸಗಿ ಮಾಹಿತಿಯನ್ನು ಕಾನೂನು ಬಿಟ್ಟು ಬೇರೆಯವರಿಗೆ ಕೊಟ್ಟರೆ ಅದೂ ಅನುಚಿತ ವ್ಯಾಪಾರ ಪದ್ಧತಿ ಅಂತ ಒಂಬತ್ತನೇ ಉಪಕಲಮಿನಲ್ಲಿ ನೇರವಾಗಿ ಇದೆ. ನನಗೆ ನೋಟಿಸ್ ಬರೆದುಕೊಟ್ಟ ಲಾಯರ್ ಕೂಡ ಇದನ್ನು ನೋಡಿರಲಿಲ್ಲ. ಜೊತೆಗೆ ಸೇವಾ ನ್ಯೂನತೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 23 (ರೋಗಿಯ ಮಾಹಿತಿ ಗುಟ್ಟಾಗಿರಬೇಕು ಅನ್ನೋದು) ಎರಡನ್ನೂ ಸೇರಿಸಿದೆ. ವಕೀಲರಿಲ್ಲದೆ ನಾನೇ ನಿಂತೆ. ಆಸ್ಪತ್ರೆ ಬಿಲ್ ಎಂಬತ್ತು ಸಾವಿರದ ಆಸುಪಾಸು, ಹಾಗಾಗಿ ಶುಲ್ಕ ಸೊನ್ನೆ. ಶುಲ್ಕ ಲೆಕ್ಕ ಹಾಕೋದು ನಾವು ಕೊಟ್ಟ ಹಣದ ಮೇಲೆ, ಕೇಳೋ ಪರಿಹಾರದ ಮೇಲೆ ಅಲ್ಲ. ದೂರು ಕೊಡೋ ಎರಡು ವರ್ಷದ ಗಡುವಿಗೆ ಐದು ತಿಂಗಳು ಬಾಕಿ ಇತ್ತು.

ಸಾಕ್ಷಿಯೇ ದೊಡ್ಡ ತಲೆನೋವು. ಪಕ್ಕದ ಸೀಟಿನ ಹುಡುಗ ಕೊಟ್ಟದ್ದು ಆ ಮೇಲ್‌ನ ಬರೀ ಸ್ಕ್ರೀನ್‌ಶಾಟ್. ಅವನ ಹೆಸರು ಎಳೆಯೋಕೆ ಮನಸ್ಸು ಬರಲಿಲ್ಲ. ಹೆಡರ್ (ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನೋ ವಿವರ) ಸಮೇತ ಮೂಲ ಮೇಲ್ ಎಚ್‌ಆರ್ ಕಡೆಯಿಂದಲೇ ನನ್ನ ಕೈಗೆ ಬಂತು. ಹೇಗೆ ಅಂತ ಇಲ್ಲಿ ಬರೆಯಲ್ಲ, ಇನ್ನೂ ಅದೇ ಆಫೀಸಲ್ಲಿದ್ದೀನಿ! ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟನ್ನೂ ಲಗತ್ತಿಸಿದೆ.

ಈ ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಅದೇ ಆಸ್ಪತ್ರೆಯ ಮೂರು ಕೌಂಟರಿಗೆ ಮೂರು ಬೇರೆ ಬೇರೆ ಮೇಲ್ ಐಡಿ ಕೊಟ್ಟೆ. ತಿಂಗಳೊಳಗೆ ಎರಡಕ್ಕೆ ಯಾರ್‍ಯಾರದ್ದೋ ಹೆಲ್ತ್ ಪ್ಯಾಕೇಜ್ ಜಾಹೀರಾತು ಬಂತು. ಕೇಸಿಗೆ ಉಪಯೋಗ ಆಗಲಿಲ್ಲ, ಮಜಾ ಬಂತು ಅಷ್ಟೇ.

ಆಸ್ಪತ್ರೆಯವರ ವಾದ ಎರಡೇ. ಬಿಲ್ ಕಟ್ಟಿದ್ದು ವಿಮೆಯವರು, ಇವನು ಗ್ರಾಹಕನೇ ಅಲ್ಲ. ಇನ್ನೊಂದು, ಅಡ್ಮಿಷನ್ ಫಾರ್ಮಿನಲ್ಲಿ ಒಪ್ಪಿಗೆ ಸಹಿ ಇದೆ. ಮೊದಲನೆಯದಕ್ಕೆ ನನ್ನ ಕೈಯಿಂದ ಕಟ್ಟಿದ ಆರು ಸಾವಿರದ ರಸೀದಿ ಇಟ್ಟೆ. ಎರಡನೆಯದಕ್ಕೆ ಅವರದೇ ಫಾರ್ಮನ್ನು ಓದಿದೆ. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ 'ವಿಮಾ ಕಂಪನಿ ಮತ್ತು ಟಿಪಿಎಗೆ' (ಟಿಪಿಎ ಅಂದರೆ ವಿಮೆಯವರ ಪರವಾಗಿ ಕ್ಲೇಮ್ ನೋಡೋ ಏಜೆನ್ಸಿ) ಅಂತ ಇತ್ತು. ಉದ್ಯೋಗದಾತ ಅನ್ನೋ ಪದ ಎಲ್ಲೂ ಇರಲಿಲ್ಲ. ಆಯೋಗದ ಅಧ್ಯಕ್ಷರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ತಾವೇ ಓದಿಕೊಂಡರು. ಆಸ್ಪತ್ರೆಯ ವಕೀಲರು ಮುಂದಿನ ವಾಯಿದೆ ಕೇಳಿದರು. ಆಗಲೇ ನನಗೆ ಧೈರ್ಯ ಬಂತು.

ಕೇಳಿದ್ದು ನಾಲ್ಕು ಲಕ್ಷ, ಸಿಕ್ಕಿದ್ದು ಎಪ್ಪತ್ತೈದು ಸಾವಿರ, ಖರ್ಚಿಗೆ ಹತ್ತು ಸಾವಿರ. ಜೆರಾಕ್ಸ್, ಓಡಾಟ, ರಜೆ ಎಲ್ಲ ಸೇರಿ ನಂದೇ ಹದಿನೆಂಟು ಸಾವಿರ ಆಗಿರಬಹುದು. ಮೇಲ್ಮನವಿಗೆ 45 ದಿನ ಇತ್ತು, ಅರ್ಧ ಹಣ ಮೊದಲೇ ಕಟ್ಟಬೇಕು. ಆಸ್ಪತ್ರೆಯವರು ಹೋಗಲಿಲ್ಲ. ಚೆಕ್ ಬಂತು, ಹೆಸರಿನ ಸ್ಪೆಲಿಂಗ್ ತಪ್ಪು. ಬ್ಯಾಂಕಿನವರು ವಾಪಸ್ ಮಾಡಿದರು. ಸರಿಯಾದ ಚೆಕ್ ಕೈಗೆ ಬರೋಕೆ ಇನ್ನೂ ಮೂರು ವಾರ ಹಿಡೀತು.