ಗಾಂಜಾ ಚೀಲ, ನಾಡ ಪಿಸ್ತೂಲು: ಒಂದು ಮೇಲ್ಮನವಿ ನಡೆಸಿದ ಬಗೆ

ಗಾಂಜಾ ಕೇಸಿನಲ್ಲಿ ಶಿಕ್ಷೆಯಾದವರ ಮನೆಯವರು ಮೇಲ್ಮನವಿ ನಡೆಸುವ ವಕೀಲನಾದ ನನ್ನ ಹತ್ತಿರ ಕಡತ ಹಿಡಿದು ಬಂದಾಗ ಹೆಚ್ಚಾಗಿ ಕೇಳುವುದು ಒಂದೇ ಮಾತು: "ಸಾರ್, ಪಂಚರಿಬ್ಬರೂ ಉಲ್ಟಾ ಹೇಳಿದ್ದಾರಲ್ಲ, ಬಿಡುಗಡೆ ಆಗಬೇಕಿತ್ತಲ್ವಾ?" ಹಾಗೇನಿಲ್ಲ. ಮಾಲು ಹಿಡಿಯುವಾಗ ಸಾಕ್ಷಿಗೆ ನಿಂತ ಪಂಚರು ಕೈಕೊಟ್ಟರೂ, ಪೊಲೀಸರ ಸಾಕ್ಷ್ಯ ನಂಬುವಂತಿದ್ದರೆ ಅಷ್ಟರ ಮೇಲೇ ಶಿಕ್ಷೆ ಕೊಡಬಹುದು. ಹಾಗಾಗಿ ನಾನು ಅಲ್ಲಿಂದ ಶುರು ಮಾಡುವುದಿಲ್ಲ.

ಮೊದಲ ಮೇಲ್ಮನವಿಯಲ್ಲಿ ಹೈಕೋರ್ಟು ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡಬೇಕು. ಆದರೆ ನಾವು ಹೊಸ ಕಥೆ ಹೇಳುವಂತಿಲ್ಲ, ಕಡತದಲ್ಲಿ ಇರುವುದರಿಂದಲೇ ವಾದ ಕಟ್ಟಬೇಕು. ಅದಕ್ಕೇ ತೀರ್ಪನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ಮಹಜರು (ಮಾಲು ಹಿಡಿದಾಗ ಬರೆದ ದಾಖಲೆ), ಆಮೇಲೆ ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಲ್ಯಾಬಿನ ವರದಿ, ಆಮೇಲೆ ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ವಕೀಲರು ಪ್ರಶ್ನಿಸಿದ ಭಾಗ. ಮುದ್ದೆಮಾಲು, ಅಂದರೆ ವಶಪಡಿಸಿಕೊಂಡ ವಸ್ತು, ಸಿಕ್ಕ ಜಾಗದಿಂದ ಲ್ಯಾಬಿನವರೆಗೆ ಯಾರ್ಯಾರ ಕೈ ದಾಟಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಪ್ರತಿ ಕೈಗೂ ಒಬ್ಬ ಸಾಕ್ಷಿಯೋ ಒಂದು ದಾಖಲೆಯೋ ಇರಲೇಬೇಕು.

ಹೀಗೆ ನಡೆಸಿದ ಒಂದು ಕೇಸು ಹೇಳುತ್ತೇನೆ. 2018ರ ದಾಳಿ. ಬಾಡಿಗೆ ರೂಮಿನಲ್ಲಿ ಗಾಂಜಾ ಚೀಲ, ಹುಡುಗನ ಸೊಂಟದಲ್ಲಿ ನಾಡ ಪಿಸ್ತೂಲು. ಮಹಜರಿನಲ್ಲಿ ಗಾಂಜಾ ತೂಕ 20 ಕಿಲೋ 400 ಗ್ರಾಂ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ ಜೈಲು, 1 ಲಕ್ಷ ದಂಡ. ದಾಟದಿದ್ದರೆ ಕನಿಷ್ಠ ಶಿಕ್ಷೆಯ ಕಟ್ಟು ಇಲ್ಲ. ಎಲ್ಲವೂ ಆ 400 ಗ್ರಾಮಿನ ಮೇಲೆ ನಿಂತಿತ್ತು.

ಪಾಟೀಸವಾಲಿನ ನಡುವೆ ಪಿಎಸ್‌ಐ ಒಂದು ಮಾತು ಒಪ್ಪಿದ್ದರು: "ಚೀಲ ಸಮೇತ ತೂಕ ಮಾಡಿದೆವು." ಖಾಲಿ ಚೀಲದ ತೂಕ ಕಡತದಲ್ಲಿ ಎಲ್ಲೂ ಇರಲಿಲ್ಲ. ಮಹಜರಿನಲ್ಲಿ "ಎಲೆ, ಕಾಂಡ, ಬೀಜ ಮಿಶ್ರಿತ" ಅಂತಲೂ ಇತ್ತು. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕೆ ಬರುವುದಿಲ್ಲ. ಮಹಜರಿನಲ್ಲಿ ತುದಿಯ ಮಾತೇ ಇರಲಿಲ್ಲ.

ಇನ್ನು ಸ್ಯಾಂಪಲ್. ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ತೆಗೆಯಬೇಕು ಅಂತ ಸುಪ್ರೀಂ ಕೋರ್ಟು 2016ರ ಮೋಹನ್‌ಲಾಲ್ ತೀರ್ಪಿನಲ್ಲಿ ಹೇಳಿದೆ. ಇಲ್ಲಿ ಪಿಎಸ್‌ಐ ರೂಮಿನಲ್ಲೇ ತೆಗೆದಿದ್ದರು. ಆದರೆ ಇದನ್ನು ಹೇಳುವ ಅದೇ ಕಾಯ್ದೆಯ 52ಎ ಕಲಂ ಪಾಲಿಸಿಲ್ಲ ಅನ್ನುವುದೊಂದನ್ನೇ ಹಿಡಿದು ಕೂತರೆ ಕೆಲಸ ಆಗುವುದಿಲ್ಲ. ಮಾಲಿನ ಬಗ್ಗೆ ನಿಜವಾದ ಅನುಮಾನ ಹುಟ್ಟಬೇಕು. ನಮಗೆ ಅದು ಸಿಕ್ಕಿದ್ದು ಅರಗಿನ ಮೊಹರಿನಲ್ಲಿ. ಮಹಜರಿನ ಪ್ರಕಾರ ಮೊಹರಿನ ಅಕ್ಷರ 'ಬಿ'. ಎಫ್‌ಎಸ್‌ಎಲ್ ವರದಿಯ ಪ್ರಕಾರ ಅಲ್ಲಿಗೆ ಬಂದ ಕವರಿನ ಮೇಲೆ ಇದ್ದದ್ದು 'ಕೆ'. ನಡುವೆ 9 ದಿನ ಕವರು ಠಾಣೆಯಲ್ಲಿತ್ತು. ಅದನ್ನು ಇಟ್ಟುಕೊಂಡವರನ್ನಾಗಲಿ, ಲ್ಯಾಬಿಗೆ ಒಯ್ದ ಕಾನ್‌ಸ್ಟೆಬಲ್‌ನನ್ನಾಗಲಿ ಸಾಕ್ಷಿಯಾಗಿ ಕರೆಸಿರಲಿಲ್ಲ. ಮಹಜರು, ಲ್ಯಾಬ್ ವರದಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ವಾದದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಅದೇ.

ಪಿಸ್ತೂಲಿನ ವಿಷಯದಲ್ಲಿ ಹಾಗೆ ಹೋರಾಡಲಿಲ್ಲ. ನಾಲ್ಕಾರು ಜನ ಇರುವ ರೂಮಿನ ಮಂಚದ ಕೆಳಗೆ ಸಿಕ್ಕಿದ್ದರೆ, ಗೊತ್ತಿದ್ದೇ ಇಟ್ಟುಕೊಂಡವರು ಯಾರು ಅಂತ ಪ್ರಾಸಿಕ್ಯೂಷನ್ ತೋರಿಸಬೇಕಿತ್ತು. ಸೊಂಟದಲ್ಲಿ ಸಿಕ್ಕಿದ್ದಕ್ಕೆ ಆ ಮಾತು ನಡೆಯುವುದಿಲ್ಲ. ಗುಂಡು ಹಾರುತ್ತದೆ ಎಂಬ ತಜ್ಞರ ವರದಿ ಇತ್ತು. ಆಯುಧ ಕಾಯ್ದೆಯ 39ನೇ ಕಲಂ ಕೇಳುವ ಜಿಲ್ಲಾ ದಂಡಾಧಿಕಾರಿಯ ಅನುಮತಿಯೂ (ಕೇಸು ನಡೆಸಲು ಬೇಕಾದದ್ದು) ಇತ್ತು. ಸೋಲುವ ವಾದವನ್ನು ಗೆಲ್ಲುವ ವಾದದ ಪಕ್ಕ ಕೂರಿಸಿದರೆ ಎರಡೂ ಹಗುರಾಗುತ್ತವೆ. ಶಿಕ್ಷೆಯ ಅಳತೆಯನ್ನು ಮಾತ್ರ ಪ್ರಶ್ನಿಸಿದೆ. ಕೆಳಗಿನ ಕೋರ್ಟು 5 ವರ್ಷ ಕೊಟ್ಟಿತ್ತು. 2019ರ ತಿದ್ದುಪಡಿಗೆ ಮುಂಚೆ ಲೈಸೆನ್ಸ್ ಇಲ್ಲದ ಪಿಸ್ತೂಲಿಗೆ ಹೆಚ್ಚೆಂದರೆ 3 ವರ್ಷ. ಅಪರಾಧ ನಡೆದ ದಿನದ ಕಾನೂನೇ ಅನ್ವಯಿಸಬೇಕು.

ಹೈಕೋರ್ಟು ಗಾಂಜಾ ಆರೋಪದಿಂದ ಬಿಡುಗಡೆ ಮಾಡಿತು. ಪಿಸ್ತೂಲಿನ ಅಪರಾಧ ಎತ್ತಿಹಿಡಿದು ಶಿಕ್ಷೆಯನ್ನು 3 ವರ್ಷಕ್ಕೆ ಇಳಿಸಿತು. ಅದಕ್ಕಿಂತ ಹೆಚ್ಚು ಕಾಲವನ್ನು ಆತ ಆಗಲೇ ಜೈಲಿನಲ್ಲಿ ಕಳೆದಿದ್ದ.

ಚೀಲದ ಪ್ರಶ್ನೆ ಕೇಳಿದವರು ಜಿಲ್ಲಾ ಕೋರ್ಟಿನ ಒಬ್ಬ ಕಿರಿಯ ವಕೀಲರು. ಅವರು ಕೇಳದೇ ಹೋಗಿದ್ದರೆ ತೂಕದ ಬಗ್ಗೆ ಹೈಕೋರ್ಟಿನಲ್ಲಿ ಅಷ್ಟು ಗಟ್ಟಿಯಾಗಿ ವಾದಿಸಲು ಆಗುತ್ತಿರಲಿಲ್ಲ. ವಿಚಾರಣೆ ನಡೆಸುವ ಗೆಳೆಯರೇ, ಚೀಲ, ಮೊಹರು, ಠಾಣೆಯಲ್ಲಿ ಮಾಲು ಇಟ್ಟುಕೊಂಡವರು, ಇವನ್ನು ಬಿಡದೆ ಕೇಳಿ. ತೀರ್ಪು ಬಂದ ದಿನವೇ ಪ್ರತಿಗೆ ಅರ್ಜಿ ಹಾಕಿಸಿ, ಹೈಕೋರ್ಟಿಗೆ ಬರಲು ಇರುವ ಗಡುವು 60 ದಿನ.